ಡಿಸ್ಲೆಕ್ಸಿಯಾ ಇರುವ ಮಗನಿಗೆ ಶಾಲೆಯಲ್ಲಿ ಏನು ಕೇಳಬೇಕು?

ಪ್ರಶ್ನೆ (ತಾಯಿ, ಜಮಖಂಡಿ): ನಮಸ್ಕಾರ ಮೇಡಂ. ಮಗನಿಗೆ ಒಂಬತ್ತು ವರ್ಷ, ಕನ್ನಡ ಮಾಧ್ಯಮ, ನಾಲ್ಕನೇ ತರಗತಿ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ನನಗಿಂತ ಮೊದಲು ಹೇಳುತ್ತಾನೆ. ಪುಸ್ತಕ ಹಿಡಿದರೆ ಮಾತ್ರ ಒಂದು ಸಾಲಿಗೇ ಬೆವರುತ್ತಾನೆ. 'ಅಜ್ಜ' ಬರೆ ಅಂದರೆ 'ಅಜ' ಅಂತ ಬರೆಯುತ್ತಾನೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಅಂದರು. ವರದಿ ಶಾಲೆಗೆ ಕೊಟ್ಟರೆ, "ಮನೆಯಲ್ಲಿ ಜಾಸ್ತಿ ಓದಿಸಿ" ಅಂತ ಕಳಿಸಿದರು. ಮುಂದೇನು ಮಾಡಲಿ?

ಉತ್ತರ (ವಿಶೇಷ ಶಿಕ್ಷಕಿ, ಬಾಗಲಕೋಟೆ): ಅಕ್ಕಾವ್ರೆ, ಇಷ್ಟು ಬೇಗ ಪರೀಕ್ಷೆ ಮಾಡಿಸಿದ್ದೇ ದೊಡ್ಡದು. ಬಹಳ ಮಂದಿ ಒಂಬತ್ತನೇ ತರಗತಿಗೆ ಬಂದ ಮೇಲೆ ಓಡಾಡುತ್ತಾರೆ.

ಇನ್ನು ಬಾಯಿಮಾತು ಬೇಡ. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಅರ್ಜಿ ಬರೆಯಿರಿ, ವರದಿಯ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಸರ್ಕಾರದ ಮಾನ್ಯತೆ ಇರುವ ಖಾಸಗಿ ಶಾಲೆಗೂ ಈ ಕಾಯ್ದೆ ಅನ್ವಯಿಸುತ್ತದೆ. ಅರ್ಜಿಯಲ್ಲಿ ಬರೀ "ಸಹಾಯ ಮಾಡಿ" ಅಂದರೆ ಏನೂ ಆಗುವುದಿಲ್ಲ. ಏನು ಬೇಕೋ ಅದನ್ನೇ ಹೇಳಿ: ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಬಾರದು, ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಬೇಕು, ಪರಿಸರ ಪಾಠದಲ್ಲಿ ಉತ್ತರ ಸರಿ ಇದ್ದರೆ ಕಾಗುಣಿತಕ್ಕೆ ಅಂಕ ಕಳೆಯಬಾರದು.

ಜೊತೆಗೆ ತಾಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ಸಮನ್ವಯ ಶಿಕ್ಷಣ, ಅಂದರೆ ಇಂಥ ಮಕ್ಕಳನ್ನು ಎಲ್ಲರ ಜೊತೆಯಲ್ಲೇ ಕಲಿಸುವುದನ್ನು ನೋಡಿಕೊಳ್ಳುವ ಶಿಕ್ಷಕರು ಅವರು.

"ಜಾಸ್ತಿ ಓದಿಸಿ" ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಅದೇ ಪುಟ ಹತ್ತು ಸಲ ಓದಿಸಿದರೆ ಹುಡುಗ ಬಾಯಿಪಾಠ ಮಾಡುತ್ತಾನೆ ಅಷ್ಟೇ. ಮೊದಲು 'ಅಜ್ಜ' ಅನ್ನುವಾಗ 'ಜ' ಎರಡು ಸಲ ಒತ್ತುವುದು ಅವನ ಕಿವಿಗೆ ಬೀಳಬೇಕು. ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿಸಿ. ಆಮೇಲೆ ಮರಳಿನ ಮೇಲೆ ಬೆರಳಲ್ಲಿ ಬರೆಸಿ. ದಿನಕ್ಕೆ ಒಂದೇ ಒತ್ತಕ್ಷರ, ಹದಿನೈದು ನಿಮಿಷ ಸಾಕು.

ಒಬ್ಬ ಶಿಕ್ಷಕರು (ಮುಧೋಳ): ಮೇಡಂ, ನನ್ನ ತರಗತಿಯಲ್ಲಿ 42 ಮಕ್ಕಳು. ಒಬ್ಬನಿಗೆ ಬೇರೆ ಪಾಠ ಹೇಗೆ ಮಾಡಲಿ?

ಉತ್ತರ: ಸರ್, ಬೇರೆ ಪಾಠ ಬೇಡ. ಬೋರ್ಡಿನಿಂದ ಇಡೀ ಪುಟ ನಕಲು ಮಾಡಿಸುವ ಬದಲು ಅರ್ಧ ಬರೆದ ಹಾಳೆ ಕೊಡಿ. ಎರಡು ಪ್ರಶ್ನೆ ಬಾಯಲ್ಲಿ ಕೇಳಿ. ಅವನ ಜೊತೆ ಇನ್ನೂ ನಾಲ್ಕು ಮಕ್ಕಳಿಗೆ ಅದರಿಂದ ಉಪಯೋಗವಾಗುತ್ತದೆ, ನೋಡಿ.

ತಾಯಿ: ಅಂಗವಿಕಲರ ಸರ್ಟಿಫಿಕೇಟ್ ಮಾಡಿಸೋಣ ಅಂದರೆ ಅತ್ತೆ ಬೇಡ ಅಂತಾರೆ. "ನಮ್ಮ ಹುಡುಗನಿಗೆ ಅಂಗವಿಕಲ ಅಂತ ಹೆಸರು ಬರತೈತಿ" ಅಂತ.

ಉತ್ತರ: ಅವರ ಸಂಕಟ ಸುಳ್ಳಲ್ಲ. ಆದರೆ 'ದಡ್ಡ' ಅನ್ನುವ ಹೆಸರು ಈಗಲೇ ಬಂದಿದೆ ಅಲ್ವಾ? ತರಗತಿಯ ಸಣ್ಣ ಅನುಕೂಲಗಳಿಗೆ ಈಗಿನ ವರದಿ ಸಾಕಾಗಬೇಕು, ಸರ್ಟಿಫಿಕೇಟ್‌ಗಾಗಿ ಕಾಯಬೇಡಿ. ಸರ್ಟಿಫಿಕೇಟ್ ಮುಖ್ಯವಾಗುವುದು ಎಸ್‌ಎಸ್‌ಎಲ್‌ಸಿ ಹೊತ್ತಿಗೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನೆಲ್ಲ ಆ ಕಾಯ್ದೆ ಹೆಸರಿಸಿಯೇ ಹೇಳಿದೆ. ಎಂಟು ವರ್ಷ ತುಂಬಿದ್ದರಿಂದ ಸರ್ಟಿಫಿಕೇಟ್‌ಗೆ ಈಗಲೂ ಅರ್ಜಿ ಹಾಕಬಹುದು. ಭಾಷೆ ಬಿಡಿಸುವ ಅವಸರ ಮಾತ್ರ ಬೇಡ. ಹಿಂದಿ ಹೇಗೂ ಆರನೇ ತರಗತಿಗೆ, ಆಗ ನೋಡೋಣ.

ತಾಯಿ: ಸೋಮವಾರ ಅರ್ಜಿ ಕೊಡ್ತೀನಿ ಮೇಡಂ. ಸೀಲು ಹಾಕಲ್ಲ ಅಂದರೆ?

ಉತ್ತರ: ಅಂಚೆ ಕಚೇರಿ ಹತ್ತಿರವೇ ಇದೆಯಲ್ಲ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ವರದಿಯ ಜೊತೆ ಇಟ್ಟುಕೊಳ್ಳಿ.