ಅಪ್‌ಡೇಟ್: ಇಟಲಿಯ ಆನ್‌ಲೈನ್ ಅಂಗಡಿಯಿಂದ ಹಣ ಮರಳಿ ಬಂದಿದೆ

ನೆದರ್ಲ್ಯಾಂಡ್ಸ್‌ನಲ್ಲಿ ವಾಸವಾಗಿರುವ ನಾನು ಇಟಲಿಯ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿಕೊಂಡ ಮಗುವಿನ ತಳ್ಳುಗಾಡಿಯನ್ನು ಹಿಂದಿರುಗಿಸಿದಾಗ, ಪೆಟ್ಟಿಗೆ ತೆರೆದಿದೆ ಎಂಬ ಕಾರಣಕ್ಕೆ ಅವರು ಹಣದ ಬದಲು ಕೂಪನ್ ಕೊಡಲು ಮುಂದಾಗಿದ್ದರ ಬಗ್ಗೆ ಸಲಹೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹಣ ನನ್ನ ಕಾರ್ಡಿಗೇ ಜಮೆಯಾಗಿದೆ.

ಯುರೋಪಿಯನ್ ಗ್ರಾಹಕ ಕೇಂದ್ರದ ಇಲ್ಲಿನ ಕಚೇರಿಗೆ ರಸೀದಿ ಮತ್ತು ಇಮೇಲ್‌ಗಳ ಪ್ರತಿಗಳನ್ನು ಕಳುಹಿಸಿದೆ. ಅವರು ಯಾವ ಶುಲ್ಕವನ್ನೂ ಪಡೆಯದೆ, ಇಟಲಿಯ ಕೇಂದ್ರದ ಮೂಲಕ ಅಂಗಡಿಯವರನ್ನು ಸಂಪರ್ಕಿಸಿದರು. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ಆನ್‌ಲೈನ್‌ನಲ್ಲಿ ಕೊಂಡ ಬಹುತೇಕ ವಸ್ತುಗಳ ಖರೀದಿಯನ್ನು, ಅವು ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆಯೇ ರದ್ದುಪಡಿಸಬಹುದು. ಅಂಗಡಿಯಲ್ಲಿ ನೋಡುವಷ್ಟರ ಮಟ್ಟಿಗೆ ಪೆಟ್ಟಿಗೆ ತೆರೆದು ಪರೀಕ್ಷಿಸಿದರೆ ಆ ಹಕ್ಕು ಹೋಗುವುದಿಲ್ಲ. ನಾವಾಗಿ ಒಪ್ಪದ ಹೊರತು ಕೂಪನ್ ಹಣಕ್ಕೆ ಬದಲಿಯಾಗದು. ನನ್ನ ಪಾಲಿಗೆ ನಿರ್ಣಾಯಕವಾದದ್ದು ಈ ಕೊನೆಯ ಅಂಶವೇ.

ಅಂಗಡಿಯವರು ಮೊದಲು ಹಿಡಿದುಕೊಂಡಿದ್ದ ಸಾಮಾನ್ಯ ವಿತರಣಾ ಶುಲ್ಕವನ್ನೂ ಕೊಡಬೇಕಾಯಿತು, ಏಕೆಂದರೆ ಪೂರ್ಣ ಆರ್ಡರ್ ರದ್ದಾದಾಗ ಅದೂ ಗ್ರಾಹಕರಿಗೆ ಸಲ್ಲುತ್ತದೆ. ವಾಪಸ್ ಕಳುಹಿಸಿದ ಕೊರಿಯರ್ ವೆಚ್ಚ ಮಾತ್ರ ನನ್ನದೇ. ಆ ಷರತ್ತನ್ನು ಅವರು ಖರೀದಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರು.