ಸ್ಥಿತಿಸ್ಥಾಪಕತ್ವವನ್ನು ಬಾಯಿಪಾಠದಿಂದ ಬಿಡಿಸೋದು ಹೇಗೆ?

ಪ್ರಶ್ನೆ (ಪದವಿ ಕಾಲೇಜು ಉಪನ್ಯಾಸಕಿ)
ಬಿ.ಎ. ಮೊದಲ ವರ್ಷ, ಕನ್ನಡ ಮಾಧ್ಯಮ. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವದ (ಬೆಲೆ ಶೇ. 1 ಬದಲಾದರೆ ಬೇಡಿಕೆಯ ಪ್ರಮಾಣ ಶೇ. ಎಷ್ಟು ಬದಲಾಗುತ್ತೆ ಅನ್ನೋದರ) ಐದು ವಿಧ, ಐದು ಚಿತ್ರ ಎಲ್ಲರಿಗೂ ಬಾಯಿಪಾಠ. ಆದರೆ ಬೆಲೆ 20, 30 ರೂಪಾಯಿ, ಪ್ರಮಾಣ 100, 80 ಕೆ.ಜಿ. ಅಂತ ಕೋಷ್ಟಕ ಕೊಟ್ಟರೆ ಅರ್ಧ ತರಗತಿ 0.4 ಬರೆಯುತ್ತೆ, ಉಳಿದವರು 0.75. ಜೊತೆಗೆ "ಇದನ್ನ ಓದಿ ಏನುಪಯೋಗ ಮೇಡಂ?" ಅನ್ನೋ ಪ್ರಶ್ನೆ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1
ಇಬ್ಬರದ್ದೂ ಲೆಕ್ಕ ಸರಿಯೇ, ಆಧಾರ ಬೇರೆ. 20ರಿಂದ ಹತ್ತಿದರೆ ಬೆಲೆ ಶೇ. 50 ಏರಿಕೆ, ಪ್ರಮಾಣ ಶೇ. 20 ಇಳಿಕೆ: 20/50, ಅಂದರೆ 0.4 (ಬೆಲೆ ಏರಿದರೆ ಪ್ರಮಾಣ ಇಳಿಯೋದರಿಂದ ಬರುವ ಋಣ ಚಿಹ್ನೆಯನ್ನ ಬಿಟ್ಟಿದ್ದೇನೆ). 30ರಿಂದ ಇಳಿದರೆ ಶೇ. 33.3 ಮತ್ತು ಶೇ. 25: 0.75. ಸರಾಸರಿಯನ್ನೇ ಆಧಾರ ಮಾಡಿ: 10/25 ಅಂದರೆ ಶೇ. 40, 20/90 ಅಂದರೆ ಶೇ. 22.2. ಉತ್ತರ ಸುಮಾರು 0.56, ಯಾವ ಕಡೆಯಿಂದ ಬಂದರೂ ಅದೇ.

ಅಲ್ಲಿಗೇ ನಿಲ್ಲಿಸಬೇಡಿ. ಅದೇ ಅಂಕಿಗಳು ಕೂರುವ ರೇಖೆ ಪ್ರಮಾಣ = 140 − 2 × ಬೆಲೆ. ಬೆಲೆ 20, 35, 60 ಇಟ್ಟು ಬಿಂದು ಸ್ಥಿತಿಸ್ಥಾಪಕತ್ವ (ರೇಖೆಯ ಒಂದೇ ಬಿಂದುವಿನಲ್ಲಿ ಲೆಕ್ಕ ಹಾಕಿದ್ದು, ಇಲ್ಲಿ 2 × ಬೆಲೆ ÷ ಪ್ರಮಾಣ) ತೆಗೆಸಿ: 0.4, 1, 6. ಒಂದೇ ಸರಳರೇಖೆ, ಒಂದೇ ಇಳಿಜಾರು, ಮೂರು ಉತ್ತರ. ಪಕ್ಕದಲ್ಲಿ ಬೆಲೆ × ಪ್ರಮಾಣದ ಕಾಲಂ ಹಾಕಿಸಿ: 2,000, 2,450, 1,200. ಒಂದಕ್ಕಿಂತ ಕಡಿಮೆ ಇದ್ದಾಗ ಬೆಲೆ ಏರಿದರೆ ಆದಾಯ ಏರುತ್ತೆ, ಹೆಚ್ಚಿದ್ದಾಗ ಇಳಿಯುತ್ತೆ ಅನ್ನೋದನ್ನ ನೀವು ಹೇಳೋದೇ ಬೇಡ, ಅವರೇ ಕಂಡುಕೊಳ್ತಾರೆ.

ಉತ್ತರ 2
ಉಪಯೋಗದ ಪ್ರಶ್ನೆಗೆ ಕೋಲಾರದ ಟೊಮೆಟೊ ಮಾರುಕಟ್ಟೆಗಿಂತ ಒಳ್ಳೆ ಉತ್ತರ ಇಲ್ಲ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಆವಕ ಕುಸಿದಿತ್ತು, ಬೇಡಿಕೆ ಮಾತ್ರ ಬೆಲೆಗೆ ಅಷ್ಟಾಗಿ ಬಗ್ಗದ್ದು. ಅದನ್ನೇ ತಿರುಗಿಸಿ: ಎಲ್ಲರಿಗೂ ಫಸಲು ಚೆನ್ನಾಗಿ ಬಂದ ವರ್ಷ ಬೆಲೆ ಎಷ್ಟು ನೆಲಕಚ್ಚುತ್ತೆ ಅಂದರೆ ಹೆಚ್ಚು ಮಾರಿದರೂ ರೈತರ ಒಟ್ಟು ಆದಾಯ ಕಮ್ಮಿ. ರೈತರ ಮಕ್ಕಳಿಗೆ ಇದು ಮನೆಯ ಲೆಕ್ಕ.

ಆಗ ಒಂದು ಪ್ರಶ್ನೆ ಎದ್ದೇ ಏಳುತ್ತೆ: "ಹಾಗಾದ್ರೆ ಕಮ್ಮಿ ಬೆಳೆದರೆ ಲಾಭ ತಾನೇ?" ಒಬ್ಬ ರೈತ ಕಮ್ಮಿ ಬೆಳೆದರೆ ಮಂಡಿಯ ದರ ಅಲ್ಲಾಡಲ್ಲ. ಅವನ ಪಾಲಿಗೆ ಬೇಡಿಕೆ ರೇಖೆ ಅಡ್ಡಗೆರೆ, ಅಂದರೆ ಪೂರ್ಣ ಸ್ಥಿತಿಸ್ಥಾಪಕ: ಅವನು ಎಷ್ಟೇ ಮಾರಿದರೂ ದರ ಅದೇ. ಬಾಯಿಪಾಠ ಮಾಡಿದ ಐದು ಚಿತ್ರಗಳಲ್ಲಿ ಒಂದಕ್ಕೆ ಇಲ್ಲಿ ಜೀವ ಬರುತ್ತೆ.

ಉತ್ತರ 3
ಒಂದು ಎಚ್ಚರಿಕೆ. ಮಾರುಕಟ್ಟೆ ದರಪಟ್ಟಿ ಕೊಟ್ಟು ನೇರವಾಗಿ ಸೂತ್ರಕ್ಕೆ ಹಾಕಿಸಬೇಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ಬೆಲೆಯೂ ಏರುತ್ತೆ, ಮಾರಾಟವೂ ಏರುತ್ತೆ. ಸೂತ್ರ ಹಾಕಿದರೆ ಋಣದ ಬದಲು ಧನ ಸಂಖ್ಯೆ ಬರುತ್ತೆ, ಮಕ್ಕಳು "ಬೇಡಿಕೆ ನಿಯಮಕ್ಕೆ ಅಪವಾದ" ಅಂತ ಬರೆದುಬಿಡ್ತಾರೆ. ಅಪವಾದ ಅಲ್ಲ, ಬೇಡಿಕೆ ರೇಖೆಯೇ ಬಲಕ್ಕೆ ಸರಿದಿದೆ. ಮೇಲಿನ ಟೊಮೆಟೊದಲ್ಲಿ ಸರಿದದ್ದು ಮುಖ್ಯವಾಗಿ ಪೂರೈಕೆ ರೇಖೆ, ಅದಕ್ಕೇ ಆ ಉದಾಹರಣೆ ನಿಲ್ಲುತ್ತೆ. ಲೆಕ್ಕಕ್ಕೆ ಮುಂಚೆ "ಯಾವ ರೇಖೆ ಸರಿಯಿತು, ಯಾಕೆ?" ಅಂತ ಒಂದು ಸಾಲು ಬರೆಸಿ.

ಇನ್ನೊಂದು: ನಾವು ಬೆಲೆಯನ್ನ ಲಂಬಾಕ್ಷದಲ್ಲಿ ಹಾಕೋದರಿಂದ ಉತ್ತರ 1ರ ರೇಖೆಯ ಇಳಿಜಾರು ಚಿತ್ರದಲ್ಲಿ ½ ಕಾಣುತ್ತೆ, ಸೂತ್ರಕ್ಕೆ ಬೇಕಾದದ್ದು 2. ಚಿತ್ರ ನೋಡಿ ½ ಹಾಕಿದವರಿಗೆ 0.4 ಬದಲು 0.1 ಬರುತ್ತೆ. ಉತ್ತರಪತ್ರಿಕೆಯಲ್ಲಿ 0.1 ಕಂಡರೆ ತಪ್ಪು ಎಲ್ಲಾಗಿದೆ ಅಂತ ತಕ್ಷಣ ಗೊತ್ತಾಗುತ್ತೆ.