ಡಿಸ್ಕ್ ‘ಪೂಲ್’ಗೆ ಕನ್ನಡದಲ್ಲಿ ಏನನ್ನೋಣ: ವಿಲೀನವೋ, ಒಕ್ಕೂಟವೋ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಸರ್ವರ್ ಇಟ್ಟುಕೊಂಡವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಎಫ್‌ಸ್ಟ್ಯಾಬ್ (ಯಾವ ಡಿಸ್ಕ್ ಎಲ್ಲಿ ಕಾಣಬೇಕು ಎಂಬ ಪಟ್ಟಿ) ಕಡತಕ್ಕೆ ಕೈಯಾರೆ ಸಾಲು ಬರೆದು ಮರ್ಜರ್‌ಎಫ್‌ಎಸ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ತಂತ್ರಾಂಶ) ಮತ್ತು ಸ್ನ್ಯಾಪ್‌ರೈಡ್ (ಡಿಸ್ಕ್ ಕೆಟ್ಟಾಗ ಕಡತಗಳನ್ನು ಮರಳಿ ಪಡೆಯಲು ನೆರವಾಗುವ ತಂತ್ರಾಂಶ) ನಡೆಸುತ್ತಿರುವವರು ಅದೇ ಡಿಸ್ಕ್‌ಗಳನ್ನು ಓಪನ್‌ಮೀಡಿಯಾವಾಲ್ಟ್ ಎಂಬ ಸರ್ವರ್ ವ್ಯವಸ್ಥೆಗೆ ತಂದು, ಮುಂದಿನ ಕೆಲಸವನ್ನೆಲ್ಲ ಬ್ರೌಸರ್‌ನಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಏರ್ಪಾಟಿಗೆ ಇರುವ ‘ಪೂಲ್’ ಎಂಬ ಪದದ ಹತ್ತಿರ ಬರವಣಿಗೆ ನಿಂತಿದೆ.

‘ಕೊಳ’ ಎನ್ನುವ ಹಾಗಿಲ್ಲ. ಇಂಗ್ಲಿಷಿನಲ್ಲೇ ಇವು ಎರಡು ಬೇರೆ ಪದಗಳು. ನೀರಿನ ಪೂಲ್ ಹಳೆಯ ಇಂಗ್ಲಿಷಿನದು. ಹಲವರು ಸೇರಿ ಹಾಕಿದ ಹಣ ಎಂಬ ಅರ್ಥದ ಪೂಲ್ ಆಟದ ಪಣಕ್ಕೆ ಬಳಸುತ್ತಿದ್ದ ಫ್ರೆಂಚ್ ಪದದಿಂದ ಬಂದದ್ದು. ಆ ಪದದ ಮೂಲ ಅರ್ಥ ಹೇಂಟೆ. ಡಿಸ್ಕ್‌ಗಳ ಪೂಲ್ ಈ ಎರಡನೆಯದರ ಕಡೆಯದು.

ಮರ್ಜರ್ ಎಂದು ಹೆಸರಲ್ಲೇ ಇರುವುದರಿಂದ ‘ವಿಲೀನ’ ತಾನಾಗಿ ಬಾಯಿಗೆ ಬರುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ವಿಲೀನವಾಯಿತು, ಆಮೇಲೆ ಆ ಹೆಸರಿನ ಬ್ಯಾಂಕೇ ಉಳಿಯಲಿಲ್ಲ. ಕನ್ನಡದ ಓದುಗರಿಗೆ ವಿಲೀನ ಎಂದರೆ ಇದು. ಮರ್ಜರ್‌ಎಫ್‌ಎಸ್‌ನಲ್ಲಿ ಹಾಗಾಗುವುದೇ ಇಲ್ಲ. ಪ್ರತಿಯೊಂದು ಡಿಸ್ಕ್ ತನ್ನ ಫೈಲ್ ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಸಮೇತ ಬೇರೆಯಾಗಿಯೇ ಇರುತ್ತದೆ, ಪ್ರತಿಯೊಂದು ಕಡತ ಯಾವುದೋ ಒಂದು ಡಿಸ್ಕ್‌ನಲ್ಲಿ ಇಡಿಯಾಗಿ ಕೂತಿರುತ್ತದೆ. ಎಲ್ಲವೂ ಒಂದೇ ಫೋಲ್ಡರ್‌ನಡಿ ಕಾಣುತ್ತವೆ, ಅಷ್ಟೇ. ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದದ್ದು ಮಾತ್ರ ಹೋಗುತ್ತದೆ. ಒಂದನ್ನು ಬಿಚ್ಚಿ ಬೇರೆ ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಅದರಲ್ಲಿರುವುದನ್ನು ಹಾಗೇ ಓದಬಹುದು.

ಇದು ಬರೀ ಪದದ ಮಡಿವಂತಿಕೆಯಲ್ಲ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ಫೈಲ್ ಸಿಸ್ಟಮ್ ಹೊಸದಾಗಿ ಮಾಡುವ ಆಯ್ಕೆಯೂ ಇದೆ, ಇರುವುದನ್ನೇ ಮೌಂಟ್ ಮಾಡುವ, ಅಂದರೆ ಹಾಗೇ ಬಳಕೆಗೆ ಜೋಡಿಸುವ, ಆಯ್ಕೆಯೂ ಇದೆ. ಡಿಸ್ಕ್ ಪೂರ್ತಿ ಒರೆಸಿಹಾಕುವ ಗುಂಡಿಯೂ ಅದರಲ್ಲೇ ಇದೆ. ‘ಡಿಸ್ಕ್‌ಗಳನ್ನು ವಿಲೀನಗೊಳಿಸಿ’ ಎಂದು ಓದಿದವರು, ಹಳೆಯದು ಹೇಗೂ ಕರಗಿ ಒಂದಾಗಬೇಕಲ್ಲ ಎಂದುಕೊಂಡು ಹೊಸದಾಗಿ ಮಾಡುವ ಆಯ್ಕೆಗೆ ಕೈ ಹಾಕಿದರೆ ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳು ಹೋಗುತ್ತವೆ. ಸರಿಯಾದ ಕ್ರಮದಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಇರುವ ಡಿಸ್ಕ್‌ಗಳನ್ನು ಮೌಂಟ್ ಮಾಡಿ, ಮರ್ಜರ್‌ಎಫ್‌ಎಸ್ ಪ್ಲಗಿನ್ ಹಾಕಿ, ಪೂಲ್‌ಗೆ ಅವನ್ನು ಆರಿಸಿಕೊಂಡರೆ ಆಯಿತು. ಸ್ನ್ಯಾಪ್‌ರೈಡ್‌ನಲ್ಲೂ ಡಿಸ್ಕ್ ಮೌಂಟ್ ಆಗುವ ಜಾಗ ಬದಲಾಗಬಹುದು, ಡಿಸ್ಕ್‌ಗೆ ಕೊಟ್ಟ ಹೆಸರು ಮಾತ್ರ ಹಳೆಯದೇ ಇರಬೇಕು. ಪ್ರತಿ ಡಿಸ್ಕ್‌ಗೂ ಅದರದೇ ಗುರುತು ಉಳಿಯುತ್ತದೆ ಎಂಬುದು ಈ ಇಡೀ ವ್ಯವಸ್ಥೆಯ ಜೀವಾಳ. ಪದವೂ ಅದನ್ನೇ ಹೇಳಬೇಕು ಎನ್ನುವುದು ನನ್ನ ಹಟ.

ಹಾಗಾಗಿ ನಾನು ‘ಒಕ್ಕೂಟ’ದ ಕಡೆ ವಾಲಿದ್ದೇನೆ. ಒಕ್ಕೂಟದಲ್ಲಿ ಸೇರಿದವರು ಸೇರಿಯೂ ಬೇರೆಯಾಗಿ ಉಳಿಯುತ್ತಾರೆ. ಮರ್ಜರ್‌ಎಫ್‌ಎಸ್ ಸೇರುವ ಗುಂಪಿಗೆ ಇಂಗ್ಲಿಷಿನಲ್ಲಿ ಯೂನಿಯನ್ ಫೈಲ್ ಸಿಸ್ಟಮ್ ಎಂದೇ ಹೆಸರು, ಅದಕ್ಕೂ ಹೊಂದುತ್ತದೆ. ಕ್ರಿಯಾಪದಕ್ಕೆ ‘ಒಗ್ಗೂಡಿಸು’ ಸಿದ್ಧವಾಗಿದೆ. ಮರ್ಜರ್‌ಎಫ್‌ಎಸ್‌ನ ‘ಬ್ರಾಂಚ್’ಗೆ, ಅಂದರೆ ಪೂಲ್‌ಗೆ ಸೇರಿಸಿದ ಒಂದೊಂದು ಡಿಸ್ಕ್ ಅಥವಾ ಫೋಲ್ಡರ್‌ಗೆ, ‘ಕವಲು’ ಎಂದು ಬರೆದಿದ್ದೇನೆ, ಅದರಲ್ಲಿ ತೊಂದರೆ ಕಾಣಲಿಲ್ಲ.

ತೊಡಕು ಇರುವುದು ಜೆಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನಲ್ಲಿ. ಅಲ್ಲೂ ಪೂಲ್ ಎಂದೇ ಹೆಸರು. ಆದರೆ ಅಲ್ಲಿ ಒಂದೇ ಕಡತದ ತುಂಡುಗಳು ಹಲವು ಡಿಸ್ಕ್‌ಗಳಲ್ಲಿ ಹಂಚಿಹೋಗಿರಬಹುದು. ಪೂಲ್‌ನೊಳಗಿನ ಡಿಸ್ಕ್ ಗುಂಪುಗಳಲ್ಲಿ ಒಂದು ಪೂರ್ತಿ ಕೈಕೊಟ್ಟರೂ ಇಡೀ ಪೂಲ್ ಹೋಗುತ್ತದೆ. ಇದಕ್ಕೆ ‘ವಿಲೀನ’ವೇ ಹೆಚ್ಚು ಸರಿ ಅನ್ನಿಸುತ್ತದೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡನ್ನೂ ಸಾಗಿಸುತ್ತಿರುವಾಗ ನಾವು ಎರಡು ಪದ ಇಟ್ಟುಕೊಂಡರೆ ಓದುಗರಿಗೆ ಅನುಕೂಲವೋ, ಗೊಂದಲವೋ? ಅಥವಾ ‘ಪೂಲ್’ ಅನ್ನೇ ಉಳಿಸಿಕೊಂಡು ವಿವರಣೆಯಲ್ಲಿ ‘ಒಗ್ಗೂಡಿಸು’ ಬಳಸಿದರೆ ಸಾಕೇ?

ಜೊತೆಗೆ ‘ಪ್ಯಾರಿಟಿ’, ಅಂದರೆ ಕೆಟ್ಟ ಡಿಸ್ಕ್‌ನಲ್ಲಿದ್ದದ್ದನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಸ್ನ್ಯಾಪ್‌ರೈಡ್ ಬೇರೆ ಡಿಸ್ಕ್‌ನಲ್ಲಿ ಇಡುವ ಮಾಹಿತಿ. ಕೆಲವರು ‘ಸಮಾನತೆ’ ಎನ್ನುತ್ತಾರೆ, ಅದು ದಾರಿ ತಪ್ಪಿಸುತ್ತದೆ. ಇಲ್ಲಿನ ಪ್ಯಾರಿಟಿ ಹುಟ್ಟಿದ್ದು ಕಂಪ್ಯೂಟರಿನ ಸೊನ್ನೆ-ಒಂದುಗಳಲ್ಲಿ ಒಂದುಗಳ ಎಣಿಕೆ ಸಮವೋ ಬೆಸವೋ ಎಂಬ ಲೆಕ್ಕದಿಂದ. ಶಾಲೆಯಲ್ಲಿ ಎಲ್ಲರೂ ಕಲಿತ ಸಮ, ಬೆಸಗಳಿಂದಲೇ ‘ಸಮಬೆಸ ಡಿಸ್ಕ್’ ಎಂದರೆ ಕಿವಿಗೆ ಒರಟಾಗುತ್ತದೆಯೇ? ಸ್ವಂತ ಸರ್ವರ್ ನಡೆಸುವವರು ಮನೆಯವರಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ ಎಂಬುದನ್ನೂ ದಯವಿಟ್ಟು ಬರೆಯಿರಿ.